ಗೆರೆಯಕ್ಕ ಹೊಡೆದುಹಾಕಿದ ಉತ್ತರ

ಆಸ್ಪತ್ರೆಯಲ್ಲಿ ನನ್ನ ಸೊಸೆಯನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಾರೆ. ಅವಳು ಮಡಿಸಿಟ್ಟ ಚಾದರದ ಅಂಚು ಗೆರೆ ಎಳೆದ ಹಾಗೆ ನೇರ. ಹನ್ನೊಂದು ವರ್ಷದಿಂದ ಅಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಕೆಲಸ. ಬ್ಲೀಚಿಂಗ್ ಪುಡಿಯ ನೀರಿಗೆ ಬೆರಳ ಸಂದುಗಳು ಒಡೆದಿವೆ. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ "ಸ್ಸ್" ಎಂದು ಹಿಂದಕ್ಕೆಳೆದುಕೊಳ್ಳುತ್ತಾಳೆ. ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಉಸಿರೂ ಕಟ್ಟುತ್ತದೆ.

ವಾರ್ಡಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕರೆ ಆ ಕೋಣೆಯಿಂದ ಬಿಡುಗಡೆ. ಅದಕ್ಕೆ ಹೈಸ್ಕೂಲಿನ ಕೊನೆಯ ಪರೀಕ್ಷೆ ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅವಳಿಗೆ ಮೂವತ್ತನಾಲ್ಕು ಮುಗಿದು ಮೂರು ತಿಂಗಳಾಗಿತ್ತು. ಬೇರೆ ವಿಷಯಗಳೆಲ್ಲ ಹೇಗೋ ಆಗಿದ್ದವು. ವಿಜ್ಞಾನ ಒಂದು ಬಾಕಿ.

ನನಗೆ ಓದು ಬರುವುದು ಅಷ್ಟಕ್ಕಷ್ಟೆ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟುಕೊಂಡು ಹೋಗಬೇಕು. ಆದರೆ ಹಾಗೆ ಹೋದರೆ ಒಂದಕ್ಷರವೂ ತಪ್ಪಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಉತ್ತರ ಒಪ್ಪಿಸುವಳು, ನಾನು ಪುಸ್ತಕ ಹಿಡಿದು ಕೂರುವೆ. ಒಂದು ಪದ ಆಚೀಚೆ ಆದರೂ ಮಣೆಗೆ ಬೆರಳಿನಿಂದ ಟಕ್ ಎಂದು ಬಡಿಯುವೆ. ಮತ್ತೆ ಮೊದಲಿನಿಂದ.

"ಅತ್ತೆ, 'ಆದ್ದರಿಂದ' ಅಂದ್ರೇನು, 'ಈ ಕಾರಣದಿಂದ' ಅಂದ್ರೇನು? ಎರಡೂ ಒಂದೇ ಅಲ್ವಾ?"

"ಪುಸ್ತಕದಲ್ಲಿ ಇರೋದನ್ನ ಹೇಳು. ನಿನ್ನದೇನೂ ಸೇರಿಸಬೇಡ, ಅಂಕ ಹೋದೀತು."

ನನ್ನ ಮಗ ಟೀ ಹೀರುತ್ತ ನಗುವನು. "ಅಮ್ಮಾ, ಪರೀಕ್ಷೆಗೂ ನೀನೇ ಜೊತೆಗೆ ಹೋಗು. ಅಲ್ಲಿ ಟಕ್ ಅನ್ನೋಕೆ ಯಾರಾದ್ರೂ ಬೇಕಲ್ಲ."

"ನಾಲ್ಕು ಸಲ ಡುಮ್ಕಿ ಹೊಡೆದ ಪಂಡಿತರು ಬಾಯಿ ಮುಚ್ಕೊಂಡು ಟೀ ಕುಡೀರಿ," ಎಂದಳು ಸೊಸೆ.

ಹೀಗೆ ಅರವತ್ತೆರಡು ಉತ್ತರಗಳು ಬಾಯಿಪಾಠವಾದವು. ಆಗ ಒಂದು ದಿನ ಅವಳು ಆಸ್ಪತ್ರೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಸಿದು ಕುಳಿತಳು.

"ಈ ವರ್ಷದಿಂದ ಪರೀಕ್ಷೆ ಬಿಗಿ ಮಾಡಿದಾರಂತೆ ಅತ್ತೆ. ದೊಡ್ಡ ನರ್ಸಮ್ಮ ಹೇಳಿದ್ರು. ಅರ್ಧ ಪ್ರಶ್ನೆ ಪುಸ್ತಕದಲ್ಲೇ ಇರಲ್ವಂತೆ, ಯೋಚನೆ ಮಾಡಿ ಬರೀಬೇಕಂತೆ. ಪಾಸಾಗೋಕೆ ಮೂವತ್ತೈದು ಸಾಲಲ್ಲ, ನಲವತ್ತೈದು ಬೇಕಂತೆ."

ಪುಸ್ತಕದಲ್ಲಿ ಇಲ್ಲದ ಮಾತಿನ ಕೆಳಗೆ ಬೆರಳು ಎಲ್ಲಿ ಇಡುವುದು? ನನಗೆ ಗೊತ್ತಿದ್ದದ್ದು ಒಂದೇ ದಾರಿ. "ಇರುವ ಅರ್ಧವನ್ನಾದರೂ ಒಂದಕ್ಷರ ತಪ್ಪದ ಹಾಗೆ ಕಲಿ," ಎಂದೆ. ಆಮೇಲೆ ಮೊದಲಿಗಿಂತ ಜೋರಾಗಿ ಬಡಿಯತೊಡಗಿದೆ.

ಪರೀಕ್ಷೆ ಮುಗಿಸಿ ಬಂದವಳು ಪ್ರಶ್ನೆಪತ್ರಿಕೆಯನ್ನು ನನ್ನ ಮಡಿಲಿಗೆ ಹಾಕಿ ಕೈ ತೊಳೆಯಲು ಹೋದಳು. ನಾನು ಬೆರಳಿಟ್ಟು ಓದುತ್ತ ಹದಿನಾಲ್ಕನೆಯದಕ್ಕೆ ಬಂದೆ. 'ಒದ್ದೆ ಬಟ್ಟೆಯನ್ನು ಮಡಿಸಿ ಹಾಕಿದರೆ ನಿಧಾನವಾಗಿ, ಬಿಡಿಸಿ ಹಾಕಿದರೆ ಬೇಗ ಒಣಗುತ್ತದೆ. ಏಕೆ? ನಿಮ್ಮ ಮಾತಿನಲ್ಲಿ ಬರೆಯಿರಿ.' ಐದು ಅಂಕ.

ನನಗೆ ಹಿಗ್ಗೋ ಹಿಗ್ಗು. "ಏ ಹುಡುಗೀ, ಇದು ನಿನಗೇ ಅಂತ ಕೇಳಿದ ಹಾಗಿದೆಯಲ್ಲೇ! ಏನು ಬರೆದೆ?"

"ಏನೂ ಇಲ್ಲ."

"ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು ಅತ್ತೆ? ಮಡಿಸಿದ್ರೆ ಒಳಗಿನ ಪದರಕ್ಕೆ ಗಾಳಿ ತಾಗಲ್ಲ, ಹಸಿ ಅಲ್ಲೇ ಕೂತಿರುತ್ತೆ. ಬಿಡಿಸಿದ್ರೆ ಎರಡೂ ಕಡೆಯಿಂದ ಹೋಗುತ್ತೆ. ಮೋಡದ ದಿನ ನಾನು ಎರಡು ಚಾದರದ ನಡುವೆ ಒಂದು ಮೊಳ ಜಾಗ ಬಿಡ್ತೀನಿ. ಅದನ್ನೇ ಎರಡು ಸಾಲು ಬರೆದೆ. ಆಮೇಲೆ ಇದು ಪುಸ್ತಕದ ಮಾತಲ್ವಲ್ಲ ಅನ್ನಿಸ್ತು." ಆಗಲೇ ಒರಸಿಕೊಂಡಿದ್ದ ಕೈಯನ್ನು ಮತ್ತೆ ಒರಸಿಕೊಂಡಳು. "ಕಿವಿಯಲ್ಲಿ ಟಕ್ ಅಂದ ಹಾಗಾಯ್ತು. ಹೊಡೆದುಹಾಕಿಬಿಟ್ಟೆ."

ಅವಳು ನನ್ನನ್ನು ದೂರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ಫಲಿತಾಂಶ ಬಂತು. ನಲವತ್ತೊಂದು.

"ಮರು ಎಣಿಕೆಗೆ ಹಾಕೋಣ," ಎಂದ ಮಗ.

"ಹೊಡೆದುಹಾಕಿದ್ದನ್ನ ಯಾರು ಎಣಿಸ್ತಾರೆ, ಬಿಡಿ," ಎಂದಳು ಅವಳು. ಮುಂದಿನ ಪರೀಕ್ಷೆ ಇನ್ನು ಬರುವ ವರ್ಷವೇ, ಅಷ್ಟರಲ್ಲಿ ಅವಳಿಗೆ ಮೂವತ್ತೈದು ದಾಟಿರುತ್ತದೆ. ದೊಡ್ಡ ನರ್ಸಮ್ಮನ ಹತ್ತಿರ ನಾನೇ ಹೋಗಿ ಕೈಮುಗಿದೆ. ಅವರೂ ಒಳ್ಳೆಯವರೇ. "ನನ್ನ ಕೈಯಲ್ಲಿ ಏನಿದೆ ಹೇಳಿ ಅಜ್ಜಿ? ನಿಯಮ ಮಾಡೋರು ನಾವಲ್ಲ," ಎಂದರು.

ಹೊರಗೆ ಆಸ್ಪತ್ರೆಯ ಹಿತ್ತಲಿನಲ್ಲಿ ಸೊಸೆ ಒದ್ದೆ ಚಾದರ ಒಣಹಾಕುತ್ತಿದ್ದಳು. ಆಕಾಶ ಮೋಡ ಕಟ್ಟಿತ್ತು. ನನ್ನನ್ನು ಕಂಡು ಇನ್ನೊಂದು ಚಾದರ ಬಿಡಿಸಿದಳು.

"ಆ ತುದಿ ಹಿಡ್ಕೊಳ್ಳಿ ಅತ್ತೆ," ಎಂದಳು.

ಹಿಡಿದೆ. ತಂತಿಯ ಮೇಲೆ ಹಾಕಲು ಹೋದೆ.

"ಅಲ್ಲಲ್ಲ, ಇನ್ನೊಂದು ಮೊಳ ಆಚೆ. ಗಾಳಿ ಆಡ್ಬೇಕು."

ಅವಳು ಹೇಳಿದಷ್ಟೇ ಆಚೆ ಸರಿಸಿ ಹಾಕಿದೆ.