ಸಾಂಬ್ರಾಣಿ ಕೆಂಡ ಮತ್ತು ಒದ್ದೆ ತುರುಬು

೧೯೭೪ರ ಬೇಸಿಗೆ. ಆಗ ನಾನು ಹುಣಸೂರಿನಲ್ಲಿ ಮನೆ, ಮಕ್ಕಳು, ಪೂಜೆ ಎಂದು ನೋಡಿಕೊಂಡೇ ಸುತ್ತಲ ಊರುಗಳ ಮದುವಣಗಿತ್ತಿಯರಿಗೆ ತಲೆ ಕಟ್ಟುತ್ತಿದ್ದೆ. ಅಂಗಡಿ, ಬೋರ್ಡು ಏನೂ ಇರಲಿಲ್ಲ. ಕೆ.ಆರ್. ನಗರದ ಕಡೆಯ ನನ್ನ ತವರಿನಲ್ಲಿ ಒಂದು ಹಳೆಯ ಗುಡಿ. ಅದರ ಕಂಬಗಳಲ್ಲಿರುವ ಕಲ್ಲಿನ ಹೆಂಗಸರ ತುರುಬು ನೋಡಿಯೇ ನಾನು ಕಲಿತದ್ದು. ಅದನ್ನೇ ಹೇರ್‌ಪಿನ್, ನೆಟ್, ಚೌರಿ ಸೇರಿಸಿ ಆಗಿನ ಹುಡುಗಿಯರಿಗೆ ಒಪ್ಪುವಂತೆ ಮಾಡುತ್ತಿದ್ದೆ.

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ಜಯಮ್ಮ ಎಂಬ ಹುಡುಗಿಯ ಮದುವೆ. ಎತ್ತರದ ತುರುಬೇ ಆಗಬೇಕೆಂದು ಗಂಡಿನ ಅಕ್ಕ ಹೇಳಿ ಕಳಿಸಿದ್ದಳು. ಅದಕ್ಕೆ ಕೂದಲು ಒಣಗಿ ಹಗುರಾಗಿ ಉಬ್ಬಬೇಕು. ಮಣ್ಣಿನ ಬಟ್ಟಲಲ್ಲಿ ಕೆಂಡ ಹಾಕಿ, ಸಾಂಬ್ರಾಣಿ ಉದುರಿಸಿ, ಮೇಲೊಂದು ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡಿಸುವುದು ನನ್ನ ಪದ್ಧತಿ.

ಕೋಣೆಯೊಳಗೆ ಸೀಮೆಎಣ್ಣೆ ವಾಸನೆ ಬಂತು. ಪಕ್ಕದ ಅಡುಗೆಮನೆಯಲ್ಲಿ ಪಂಪ್ ಸ್ಟೌ ಉರಿಯುತ್ತಿತ್ತು, ಅದರದ್ದೇ ಎಂದುಕೊಂಡೆ. ಬಟ್ಟಲನ್ನು ಜಯಮ್ಮನ ಬೆನ್ನ ಹಿಂದೆ ತರುತ್ತಿದ್ದಂತೆ ಅವಳು ಜಡೆಯನ್ನು ಎದೆಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

“ಬ್ಯಾಡ ಅಕ್ಕಾ. ಉರಿ ಬ್ಯಾಡ.”

“ಯಾಕವ್ವ?”

“ನೀರು ಉಯ್ಕೊಂಡ್ಮ್ಯಾಲೂ ಹೇನು ಕಂಡ್ವು. ತಲೆ ಕಟ್ಟೋರು ನೋಡುದ್ರೆ ಬೀಗರ್ಗೆ ಯೋಳ್ಬುಡ್ತಾರೆ ಅಂತ ಅವ್ವ ಸೀಮೆಎಣ್ಣೆ ಬಳಿದವ್ಳೆ.”

ಒಂದು ಕಿಡಿ ಸಿಡಿದಿದ್ದರೆ! ನಂಜುಂಡೇಶ್ವರನ ಹೆಸರು ಹೇಳುತ್ತಾ ಹಿಂದೆ ಹಿಂದೆ ನಡೆದು ಬಾಗಿಲಾಚೆ ಹೋಗಿ ಕೆಂಡಕ್ಕೆ ನೀರು ಸುರಿದೆ. ಭಯ ಅಷ್ಟಕ್ಕೇ ಮುಗಿಯಲಿಲ್ಲ. ಬಚ್ಚಲಿಗೆ ಕರೆದೊಯ್ಯೋಣವೆಂದರೆ ಹಂಡೆಯ ಒಲೆ ಧಗಧಗ ಉರಿಯುತ್ತಿದೆ. ಹಾಗೇ ಕಟ್ಟಿಬಿಡೋಣವೆಂದರೆ ಮಂಟಪದಲ್ಲಿ ಹೋಮ, ಆರತಿ. ಸುದ್ದಿ ಹೊರಬಿದ್ದರೆ ಆ ಹುಡುಗಿ ಬಾಳೆಲ್ಲ ಹೇನಿನ ಮಾತು ಕೇಳಬೇಕು.

ಅವಳ ತಾಯಿಯನ್ನು ಕರೆದೆ. ನನ್ನ ಮುಖ ನೋಡಿಯೇ ಆಕೆಗೆ ತಿಳಿಯಿತು, ಸೆರಗು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಸೇರಿ ಹಿತ್ತಲಿಗೆ ಬಿಸಿನೀರು ಹೊತ್ತು ಸೀಗೆಕಾಯಿ, ಕಡಲೆಹಿಟ್ಟು ಹಾಕಿ ವಾಸನೆ ಹೋಗುವವರೆಗೂ ತಿಕ್ಕಿದೆವು. ಆಮೇಲೆ ನೋಡಿದರೆ ಕೂದಲಿಂದ ನೀರು ತೊಟ್ಟಿಕ್ಕುತ್ತಿದೆ, ಮುಹೂರ್ತ ಹತ್ತಿರವಾಗಿದೆ, ಎತ್ತರದ ತುರುಬು ನಿಲ್ಲುವಂತಿಲ್ಲ.

“ಆಯ್ತೇನ್ರೀ? ಉಡ್ಗೀನ ಕಳಿಸ್ತೀರೋ ನಾವೇ ಬಂದು ಎತ್ಕೊಂಡೋಗದೋ?” ಗಂಡಿನ ಅಕ್ಕ ಬಾಗಿಲು ಬಡಿದಳು.

ಕಣ್ಣು ಮುಚ್ಚಿದೆ. ಗುಡಿಯ ಕಂಬದ ಒಬ್ಬಳು ನೆನಪಿಗೆ ಬಂದಳು. ಮಿಂದು ಬಂದವಳು, ಒದ್ದೆ ಕೂದಲನ್ನು ಒಂದು ಪಕ್ಕಕ್ಕೆ ಹಿಂಡಿ ಸಡಿಲವಾಗಿ ಗಂಟು ಹಾಕಿಕೊಂಡವಳು. ಎಷ್ಟು ಸಲ ನೋಡಿದ್ದರೂ ಅದನ್ನು ಕಟ್ಟಿರಲಿಲ್ಲ, ಬಲು ಸಾದಾ ಎಂದು. ಜಯಮ್ಮನ ಕೂದಲನ್ನು ಹಿಂಡಿ, ಎಡಗಿವಿಯ ಕೆಳಗೆ ತುರುಬು ಸುತ್ತಿ, ತುದಿಯನ್ನು ಭುಜದ ಮೇಲೆ ಇಳಿಬಿಟ್ಟೆ. ಬಾಳೆನಾರಿನಿಂದ ಬಿಗಿದು ಸುತ್ತ ಮಲ್ಲಿಗೆ ಮುಡಿಸಿದೆ.

ಗಂಡಿನ ಅಕ್ಕ ಒಳಗೆ ಬಂದವಳೇ ಹುಬ್ಬೇರಿಸಿದಳು. “ಇದ್ಯಾವ ಸ್ಟೈಲ್ರೀ? ನಾನೇಳಿದ್ದು ಇದಲ್ಲ.” ತುರುಬಿನ ಹತ್ತಿರ ಬಾಗಿ ಮೂಸಿದಳು. “ಸೀಗೆಕಾಯಿ ಗಮಲು ಒಡೀತದಲ್ಲ!”

ಹಿಂದೆ ನಿಂತಿದ್ದ ಅವರ ಕಡೆಯ ಅಜ್ಜಿ ನಕ್ಕಳು. “ಮದ್ಲಿಂಗಿತ್ತಿ ತಲೇಲಿ ಸೀಗೆಕಾಯಿ ಗಮಲು ಬರ್ದೆ ಬೀಡಿ ಗಮಲು ಬತ್ತದಾ? ಸುಮ್ಕೆ ಬುಡವ್ವ. ಗುಡಿ ಗೊಂಬೆ ಅಂಗೆ ಕಾಣ್ತವ್ಳೆ.”

ಆದರೂ ಹೋಮ ಮುಗಿದು ಕೊನೆಯ ಆರತಿ ಇಳಿಯುವವರೆಗೆ ನಾನು ಒಂದು ತಂಬಿಗೆ ನೀರು ಹಿಡಿದು ಅವಳ ಹಿಂದೆಯೇ ನಿಂತಿದ್ದೆ. ಊಟ ಸೇರಲಿಲ್ಲ. ಆ ಹುಡುಗಿಗೆ ಬಾಯಿ ಬಂತಲ್ಲ, ಅದೇ ದೇವರ ದಯೆ. ಬಂದದ್ದು ಕೆಂಡ ತಾಗುವ ಮುಂಚೆ, ಅದು ಇನ್ನೊಂದು ದಯೆ.

ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಕೆಂಡ ತರಿಸುವ ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹುಡುಗಿಯನ್ನು ಏನೂ ಕೇಳುತ್ತಿರಲಿಲ್ಲ. ಅವಳ ಹಿಂದೆ ಕೂತು ಸಿಕ್ಕು ಬಿಡಿಸುತ್ತಾ, “ನನ್ನ ಮದುವೆ ದಿವಸ ನನ್ನ ತಲೆ ತುಂಬ ಹೇನು ಕಣವ್ವ” ಎನ್ನುತ್ತಿದ್ದೆ. ಅಷ್ಟಾದ ಮೇಲೆ ಹೇಳಬೇಕಾದದ್ದನ್ನು ಅವರೇ ಹೇಳುತ್ತಿದ್ದರು.