ಎರಡನೆಯ ತೋಟೆ

ಈ ಸಲದ ಉತ್ತರಾಯಣ, ಸಂಕ್ರಾಂತಿಯ ಗಾಳಿಪಟದ ಹಬ್ಬದ ಸಂಜೆ ಅಹಮದಾಬಾದಿನ ನಮ್ಮ ತಾರಸಿಯ ಮೇಲೆ ಒಂದು ತುಕ್ಕಲ್ ಬಿತ್ತು. ತುಕ್ಕಲ್ ಅಂದರೆ ಒಳಗೆ ಮೇಣದಬತ್ತಿ ಹಚ್ಚಿ ಗಾಳಿಪಟದ ದಾರಕ್ಕೆ ಕಟ್ಟಿ ಹಾರಿಸುವ ಕಾಗದದ ಗೂಡು. ಯಾರದೋ ದಾರ ಕಡಿದು ಅದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಬಿದ್ದು ಉರಿಯಿತು. ಮೇಣ ಹೀರಿದ ಕಾಗದ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ನಾನು ಕೈಯಲ್ಲಿದ್ದ ಚಿಕ್ಕಿಯನ್ನು ಕೆಳಗಿಟ್ಟುಬಿಟ್ಟೆ. ನೆರೆಮನೆಯ ಮಕ್ಕಳು ನೀರು ಸುರಿದು ಆರಿಸಿ ಓಡಿಹೋದರು. ನಾನು ಮಾತ್ರ ಆ ಕರಿ ತುಂಡಿನ ಮುಂದೆ ನಿಂತೇ ಇದ್ದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನಗೆ ಅದು ಅಪ್ಪನ ವಾಸನೆ, ಭಾನುವಾರದ ವಾಸನೆ, ವಡೋದರಾದ ಗೋರ್ವಾದಲ್ಲಿದ್ದ, ಈಗ ಕೆಡವಿ ಅಂಗಡಿ ಸಾಲು ಮಾಡಿರುವ, ಆ ಎರಡು ಕೋಣೆಯ ಮನೆಯ ವಾಸನೆ.

ಅಪ್ಪ ಕೊಡಗಿನವರು, ಅಮ್ಮ ಹಾಸನದವಳು. ಹಾಗಾಗಿ ಮನೆಯ ಮಾತು ಕನ್ನಡ, ಮನೆಯ ಜಗಳವೂ ಕನ್ನಡದಲ್ಲೇ. ವಿಮಾ ಕಚೇರಿಯ ಕೆಲಸ ಅಪ್ಪನನ್ನು ಮೊದಲು ಸೂರತ್ತಿಗೆ ತಂದು, ಆಮೇಲೆ ವಡೋದರಾಕ್ಕೆ ಒಗೆದು, ಅಲ್ಲೇ ಮರೆತುಬಿಟ್ಟಿತ್ತು. ವರ್ಗಾವಣೆಯ ಲಾರಿಯಲ್ಲಿ ಪಾತ್ರೆ, ಹಾಸಿಗೆಗಳು ಬರುತ್ತಿದ್ದವು. ಅಪ್ಪನ ಜೋಡಿ ನಳಿಗೆಯ ಕೋವಿ ಮಾತ್ರ ಅವರ ಪಕ್ಕದಲ್ಲೇ ಕೂತು, ಲೈಸೆನ್ಸಿನ ಸಮೇತ ಪ್ರಯಾಣ ಮಾಡುತ್ತಿತ್ತು. "ಕೈ ಹಿಡಿದ ಹೆಂಡತೀನ ಜನರಲ್ ಡಬ್ಬಿಗೆ ಹತ್ತಿಸ್ತಾರೆ, ಕೋವಿಗೆ ಮಾತ್ರ ಕಿಟಕಿ ಪಕ್ಕದ ಸೀಟು," ಎಂದು ಅಮ್ಮ ಬಂದವರೆದುರೆಲ್ಲ ಹೇಳುತ್ತಿದ್ದಳು. ಆ ಕೋವಿಗೆ ಅಪ್ಪ ಮದ್ದು, ಸೀಸದ ಚರೆ ಹಾಕಿ ತೋಟೆಗಳನ್ನು ಮನೆಯಲ್ಲೇ ತುಂಬುತ್ತಿದ್ದರು. ಅದೂ ಕಾಗದದ ತೋಟೆಗಳನ್ನು. ಪೇಟೆಯಲ್ಲೆಲ್ಲ ಪ್ಲಾಸ್ಟಿಕ್ ತೋಟೆ ಬಂದು ಎಷ್ಟೋ ವರ್ಷವಾಗಿತ್ತು. ಕಾಗದದ್ದನ್ನು ಮಾಡುವವರೇ ಇರಲಿಲ್ಲ. ಅಪ್ಪ ಒಮ್ಮೆ ಹಾರಿಸಿದ್ದನ್ನೇ ಒರೆಸಿ, ಮೇಣ ಸವರಿ, ಮತ್ತೆ ಮತ್ತೆ ತುಂಬುತ್ತಿದ್ದರು.

ಭಾನುವಾರ ತಿಂಡಿ ಮುಗಿದ ಮೇಲೆ ಊಟದ ಮೇಜಿನ ಮೇಲೆ ಗುಜರಾತಿ ಪೇಪರು ಹಾಸುತ್ತಿದ್ದರು. ತೋಟೆಯ ಬಾಯಿ ಮಡಚುವ ಹಿತ್ತಾಳೆಯ ಸಣ್ಣ ಯಂತ್ರವನ್ನು ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುತ್ತಿದ್ದರು. ಪಕ್ಕದ ಮನೆಯ ಹಂಸಾಬೇನ್ ಅದನ್ನು ನಮ್ಮ ಕಡೆಯ ತೆಂಗಿನಕಾಯಿ ತುರಿಯುವ ಯಂತ್ರವೆಂದೇ ಕೊನೆಯವರೆಗೆ ನಂಬಿದ್ದರು, ಅಮ್ಮನೂ ತಿದ್ದಲಿಲ್ಲ. ಮದ್ದಿಗೂ ಚರೆಗೂ ನಡುವೆ ಇಡುವ ಉಣ್ಣೆಯ ಬಿಲ್ಲೆ ಅಂಗಡಿಗಳಲ್ಲಿ ಸಿಗುವುದು ನಿಂತಾಗ, ಅಪ್ಪ ಸೂರತ್ತಿನ ಹಳೇ ಗುರುತು ಹಿಡಿದು ಕತಾರ್‌ಗಾಮಿಗೆ ಹೋಗಿ, ಸೀರೆಗೆ ಇಸ್ತ್ರಿ ಹೊಡೆಯುವ ದೊಡ್ಡ ಯಂತ್ರದಿಂದ ಬಿಚ್ಚಿ ಎಸೆದ ದಪ್ಪ ಉಣ್ಣೆಯ ಪಟ್ಟಿಯನ್ನು ಹೊತ್ತು ತಂದರು. ಮೇಲಿನ ಮುಚ್ಚಳದ ಬಿಲ್ಲೆಗಳಿಗೆ ಊರಿಂದ ಅಂಚೆಯಲ್ಲಿ ಬರುತ್ತಿದ್ದ ಮದುವೆ ಕರೆಯೋಲೆಗಳು. ರಜೆ ಸಿಗದೆ ಹೋಗಲಾಗದ ಮದುವೆಗಳೆಲ್ಲ ಹಾಗೆ ಗುಂಡಗುಂಡಗೆ ಕತ್ತರಿಸಿ ತೋಟೆಯ ಬಾಯಿಗೆ ಕೂರುತ್ತಿದ್ದವು. ಒಂದರ ಮೇಲೆ 'ಚಿ॥', ಇನ್ನೊಂದರ ಮೇಲೆ ಗಣಪತಿಯ ಸೊಂಡಿಲು. ಮದುವೆ ಯಾವತ್ತು ಅಂತ ನೋಡೋಣವೆಂದರೆ ಕರೆಯೋಲೆಯಲ್ಲಿ ತೂತು.

ತುಂಬಿದ ತೋಟೆಗಳೆಲ್ಲ ಪಾದ್ರಾ ರಸ್ತೆಯ ಭೀಖಾಕಾಕಾರ ಹೊಲದಲ್ಲಿ ಖರ್ಚಾಗುತ್ತಿದ್ದವು. ಕಾಕಾ ವಿಮೆ ಮಾಡಿಸಲು ಬಂದು ಅಪ್ಪನ ಸ್ನೇಹಿತರಾದ ರೈತರು. ಹತ್ತಿ, ತೊಗರಿ ಮೇಯಲು ಬರುವ ನೀಲಗಾಯ್‌ಗಳನ್ನು ಬೆದರಿಸಲು ಅವರಿಗೂ ಕೋವಿ, ಲೈಸೆನ್ಸು ಎರಡೂ ಇದ್ದವು. ಇಬ್ಬರೂ ಗಾಳಿಗೆ ಗುಂಡು ಹಾರಿಸಿ, ಬದುವಿನ ಮೇಲೆ ಕೂತು, ಹಿತ್ತಾಳೆ ತಳದ ಆ ಬಿಸಿ ಕಾಗದದ ಕೊಳವೆಯನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತಿದ್ದರು, ನಶ್ಯ ಹಾಕುವವರ ಹಾಗೆ. ನನಗೂ ಕೊಡುತ್ತಿದ್ದರು.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಎರಡು ತೋಟೆಗಳನ್ನು ಬೇರೆಯಾಗಿ ತುಂಬಿದರು. ಅವಕ್ಕೆ ಕತಾರ್‌ಗಾಮಿನ ಉಣ್ಣೆಯಿಲ್ಲ, ಕರೆಯೋಲೆಯಿಲ್ಲ. ತಾತನ ಪೆಟ್ಟಿಗೆಯಲ್ಲಿ ಉಳಿದಿದ್ದ ಕೆಂಪು ಕಾಗದದ ಎರಡೇ ಎರಡು ಹೊಸ ತೋಟೆ, ಹೆಸರು ಅಳಿಸಿಹೋದ ತಗಡಿನ ಡಬ್ಬಿಯಲ್ಲಿ ಉಳಿದ, ಮದ್ದಿಗೆ ಕಿಡಿ ಹಚ್ಚುವ ಕಡೆಯ ಎರಡು ಕೇಪು, ತಾತನ ಕಾಲದ್ದೇ ಬಿಲ್ಲೆ. ಅಲ್ಲಿಗೆ ಹಳೆಯದೆಲ್ಲ ಮುಗಿಯಿತು. ಮುಚ್ಚಳಗಳ ಮೇಲೆ ಪೆನ್ಸಿಲಿನಲ್ಲಿ ೧, ೨ ಎಂದು ಬರೆದರು. ಯಾಕೆ ಎಂದು ಕೇಳಿದೆ.

"ನಮ್ಮ ಕೊಡಗಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರೆ ಪುಟ್ಟಿ. ಯಾರಾದ್ರೂ ಹೋದ್ರೆ ಒಂದರ ಹಿಂದೆ ಒಂದು, ಎರಡು. ಎರಡು ಕೇಳಿಸ್ತು ಅಂದ್ರೆ ಗದ್ದೆಯಲ್ಲಿದ್ದವರೂ ಕೈಕೆಲಸ ಬಿಟ್ಟು ಬರ್ತಾರೆ. ಇವು ನನಗೆ."

"ನಾನು ಹುಟ್ಟಿದಾಗ?"

"ಹೆಣ್ಣುಮಕ್ಕಳಿಗೆ ಹಾರಿಸೋ ಪದ್ಧತಿ ಇಲ್ಲ. ಅಲ್ದೆ ನೀನು ಹುಟ್ಟಿದ್ದು ಸೂರತ್ತಿನ ಆಸ್ಪತ್ರೇಲಿ," ಎಂದು ಅಪ್ಪ ನಕ್ಕರು. ಅಮ್ಮ ಅಡುಗೆಮನೆಯಿಂದಲೇ, "ಇನ್ನೂ ನಲವತ್ತು ದಾಟಿಲ್ಲ, ಆಗ್ಲೇ ಸಾಯೋ ತಯಾರಿ," ಎಂದಳು.

ಅಂದಿನಿಂದ ಬೀರುವಿನ ಮೇಲಿನ ಖಾನೆಯಲ್ಲಿ ಅಪ್ಪನ ಸಾವು ಕೆಂಪಗೆ, ಜೋಡಿಯಾಗಿ ಕೂತಿದೆ ಎಂದೇ ನನಗನ್ನಿಸತೊಡಗಿತು. ಅಪ್ಪ ಕೆಮ್ಮಿದರೆ ಅದರ ಕಡೆ ನೋಡುತ್ತಿದ್ದೆ. ಆಫೀಸಿನಿಂದ ತಡವಾದರೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. ಕಡೆಗೆ ಒಂದು ಲೆಕ್ಕ ಹೊಳೆಯಿತು: ಸಾವಿಗೆ ಎರಡು ಬೇಕು. ಒಂದು ಕೆಟ್ಟರೆ ಅಪ್ಪ ಸಾಯುವ ಹಾಗೇ ಇಲ್ಲ. ಆ ವರ್ಷದ ಉತ್ತರಾಯಣದ ಬೆಳಿಗ್ಗೆ ಎಲ್ಲರೂ ತಾರಸಿಯಲ್ಲಿ ಪಕ್ಕದವರ ಗಾಳಿಪಟ ಕಡಿದು ಕಾಯ್‌ಪೋ ಛೇ ಎಂದು ಕಿರುಚುತ್ತಿದ್ದಾಗ, ನಾನು ಕುರ್ಚಿ ಹತ್ತಿ, ಎರಡನೆಯದನ್ನು ತೆಗೆದು, ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ತಂಬಿಗೆ ಬೋರಲು ಹಾಕಿದೆ. ಮಧ್ಯಾಹ್ನ ಉಂಧಿಯು, ಜಿಲೇಬಿ ತಿಂದಾದ ಮೇಲೆ ಹೊರತೆಗೆದು, ತಾರಸಿಯ ಮೂಲೆಯಲ್ಲಿ ದಾರದ ಫಿರ್ಕಿಗಳ ಹಿಂದೆ ಬಿಸಿಲಿಗಿಟ್ಟೆ. ಸಂಜೆ ಒರೆಸಿ ಸ್ವಸ್ಥಾನಕ್ಕೆ ಸೇರಿಸಿದೆ. ಮಳೆಗಾಲದ ಬಾಗಿಲಿನ ಹಾಗೆ ಕೊಂಚ ಉಬ್ಬಿತ್ತು. ಯಾರಿಗೂ ತಿಳಿಯದು ಅಂದುಕೊಂಡೆ. ಅಪ್ಪ ಏನೂ ಕೇಳಲಿಲ್ಲ. ಆ ರಾತ್ರಿ ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆಮೇಲೆ ಬೆಳೆದೆ. ಅಪ್ಪ ನಿವೃತ್ತರಾದರು, ಕಣ್ಣಿನ ಪೊರೆ ಬಂದು ಕೋವಿಯನ್ನು ಠಾಣೆಗೆ ಒಪ್ಪಿಸಿದರು, ಆ ಎರಡು ತೋಟೆಗಳನ್ನು ಕಾಕಾರ ವಶಕ್ಕೆ ಕೊಟ್ಟರು. ನನಗೆ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಪ್ಪ, ಅಮ್ಮ ನನ್ನ ಜೊತೆ ಅಹಮದಾಬಾದಿಗೆ ಬಂದರು. ಬಕೆಟ್ಟಿನ ವಿಷಯ ಒಮ್ಮೊಮ್ಮೆ ಬಾಯಿಯ ತನಕ ಬರುತ್ತಿತ್ತು. ಇನ್ನೊಮ್ಮೆ ಹೇಳಿದರಾಯಿತು ಎಂದು ನುಂಗಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ, ಹಲ್ಲುಜ್ಜಿ ಬಂದು ಕಾಫಿಗೆಂದು ಕೂತ ಅಪ್ಪ ಹಾಗೇ ಹೋಗಿಬಿಟ್ಟರು.

ನನಗೆ ಅಳು ಬರಲಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕಿದೆ, ಸ್ಮಶಾನದಲ್ಲಿ ರಸೀದಿ ತೆಗೆದುಕೊಂಡೆ, ಬಂದವರಿಗೆ ಚಹಾ ಸಾಕಾಗುತ್ತದೋ ಇಲ್ಲವೋ ನೋಡಿದೆ. ಐದನೆಯ ದಿನ, ಅಪ್ಪನ ಎರಡು ಗುಂಡು ಹಾರಿಸಲೆಂದು ಬಸ್ಸು ಹಿಡಿದು ಕಾಕಾರ ಹೊಲಕ್ಕೆ ಹೋದೆ.

ಕಾಕಾ ಕೋವಿ ಹಿಡಿದು ತೊಗರಿ ಸಾಲಿನ ಪಕ್ಕ ಕಾಯುತ್ತಿದ್ದರು. ಒಂದನೆಯದು ಹಾರಿತು. ಅಷ್ಟು ವರ್ಷದ ಹಳೇ ಕೇಪು, ಹಳೇ ಮದ್ದು. ಆದರೂ ಒಂದು ಕ್ಷಣವೂ ತಡೆಯದೆ ಹಾರಿತು. ಎರಡು ನೀಲಗಾಯ್ ಹತ್ತಿ ಹೊಲ ದಾಟಿ ಓಡಿದವು. ಪಕ್ಕದ ಹೊಲದ ಹೆಂಗಸರು ತಲೆ ಎತ್ತಿಯೂ ನೋಡಲಿಲ್ಲ. ಅಲ್ಲಿ ಗುಂಡು ಹಾರುವುದು ನಿತ್ಯದ ಮಾತು. ಕಾಕಾ ಎರಡನೆಯದನ್ನು ಇನ್ನೊಂದು ನಳಿಗೆಯ ಹಿಂಬದಿಯ ಬಾಯಿಗೆ ಇಟ್ಟರು. ಅದು ಅರ್ಧ ಬೆರಳಿನಷ್ಟು ಇಳಿದು ನಿಂತಿತು. ಅವರು ಒತ್ತಲಿಲ್ಲ. ಒತ್ತಿದರೂ ಹೋಗುವುದಿಲ್ಲವೆಂದು ಮೊದಲೇ ಗೊತ್ತಿದ್ದವರ ಹಾಗೆ ಮೆಲ್ಲಗೆ ಹೊರತೆಗೆದರು.

"ಕಾಕಾ, ಅದು ನಾನು..." ಎಂದೆ.

"ಗೊತ್ತು ಬೇಟಾ. ಆ ಉತ್ತರಾಯಣ ಕಳೆದ ಭಾನುವಾರವೇ ನಿನ್ನಪ್ಪ ತಂದು ತೋರಿಸಿದ. ನೀರು ಕುಡಿದಿದೆ, ಎಸೆದುಬಿಡು, ನನ್ನ ಹತ್ತಿರ ಪ್ಲಾಸ್ಟಿಕ್‌ನದು ಹೊಸದಿದೆ, ಜೋಡಿಗೆ ಅದನ್ನಿಡು ಅಂದೆ. ಬೇಡ ಅಂದ." ಕಾಕಾ ತೋಟೆಯನ್ನು ಅಂಗೈಯಲ್ಲಿ ಉರುಳಿಸಿದರು. ಅಪ್ಪನ ಮಾತನ್ನು ಅಪ್ಪ ಆಡಿದ ಹಾಗೆಯೇ, ಅಪ್ಪನ ಗುಜರಾತಿಯಲ್ಲೇ ಹೇಳಿದರು: "ದೀಕ್ರೀಏ ನಾ ಪಾಡೀ ಛೇ."

ಮಗಳು ಬೇಡ ಅಂದಿದ್ದಾಳೆ. ಅಷ್ಟೇ. ಮೂವತ್ತು ವರ್ಷ ಅಪ್ಪ ಅದನ್ನು ಹಾಗೇ ಇಟ್ಟುಕೊಂಡಿದ್ದರು, ಬದಲಾಯಿಸದೆ, ಬಾಯಿ ಬಿಡದೆ. ತಾವು ಆಸೆಪಟ್ಟಿದ್ದ ಎರಡು ಗುಂಡುಗಳಲ್ಲಿ ಒಂದನ್ನು ನನಗಾಗಿ ಬಿಟ್ಟುಕೊಟ್ಟಿದ್ದರು. ಆಗಲೂ ನಾನು ಅಳಲಿಲ್ಲ. ಎರಡನೆಯದು ಈಗ ಕೇಳಿಸೀತು ಎಂಬಂತೆ ಕಿವಿ ತೆರೆದುಕೊಂಡು ನಿಂತಿದ್ದೆ. ಕಾಕಾ ಉಬ್ಬಿದ್ದನ್ನು ಡಬ್ಬಿಗೆ ಹಾಕಿಕೊಂಡು, ಹಾರಿದ್ದರ ಖಾಲಿ ಕೊಳವೆಯನ್ನು ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಮನೆಗೆ ಬಂದಾಗ ಅಮ್ಮ ತಟ್ಟೆ ಇಟ್ಟಿದ್ದಳು, ಅಭ್ಯಾಸಬಲದಿಂದ ಮೂರು.

"ಎರಡೂ ಹಾರಿದ್ವಾ?" ಎಂದಳು.

"ಇಲ್ಲಮ್ಮ. ಒಂದೇ," ಎಂದು ಬಕೆಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅಮ್ಮ ಮೂರನೆಯ ತಟ್ಟೆಯನ್ನು ಎತ್ತಿ ಒಳಗಿಟ್ಟು ಬಂದಳು. ಅಪ್ಪನ ಊರಿನ ಪದ್ಧತಿಗಳನ್ನು ಜೀವಮಾನವೆಲ್ಲ ಆಡಿಕೊಂಡವಳು. "ಒಂದೇ ಆದ್ರೆ ಅದು ಹುಟ್ಟಿದ್ದಕ್ಕಲ್ವಾ," ಎಂದಳು. "ಹಂಗಾದ್ರೆ ಅದು ನಿಂದು ಬಿಡು. ನೀ ಹುಟ್ಟಿದಾಗ ಹಾರಿಸಿರ್ಲಿಲ್ಲ. ಕೈ ತೊಳ್ಕೊಂಡು ಬಾ, ಸಾರು ಆರ್ತಾ ಇದೆ."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಬೆರಳುಗಳಿಂದ ಸುಟ್ಟ ಕಾಗದದ, ಮೇಣದ ವಾಸನೆ ಬರುತ್ತಿತ್ತು. ನಲ್ಲಿ ನಿಲ್ಲಿಸಿ, ಕೈ ತೊಳೆಯದೆ ಬಂದು ಊಟಕ್ಕೆ ಕೂತೆ.