ಹುರುಳಿ ಗುಡಿಸಿದ ತಿರುವು

ಹೋದ ತಿಂಗಳು ಬಚ್ಚಲಿಗೆ ಟೈಲ್ಸ್ ನೋಡಲು ಹೆಂಡತಿಯ ಜೊತೆ ನಂಜನಗೂಡಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಒಂದು ಬಿಲ್ಲೆಯ ಮೇಲೆ ನೀರು ಚೆಲ್ಲಿ, "ಇದು ಜಾರಲ್ಲ ಸಾರ್, ಗ್ಯಾರಂಟಿ" ಎಂದ. "ಯಾವ ಯಂತ್ರದಲ್ಲಿ ಅಳೆದಿದ್ದು?" ಎಂದು ಕೇಳಿಬಿಟ್ಟೆ. ಅವನು ನನ್ನನ್ನು ನೋಡಿದ, ಆಮೇಲೆ ನನ್ನ ಹೆಂಡತಿಯನ್ನು ನೋಡಿದ. "ರಿಟೈರ್ ಆಗಿದ್ದಾರೆ" ಎಂದಳು ಅವಳು, ಕಾಯಿಲೆಯ ಹೆಸರು ಹೇಳುವ ಧ್ವನಿಯಲ್ಲಿ.

ನೀವೇ ಹೇಳಿ, ರಸ್ತೆ ಎಷ್ಟು ಜಾರುತ್ತದೆಂದು ಅಳೆಯುವುದರಲ್ಲೇ ಒಂದಿಡೀ ವರ್ಷ ಕಳೆದವನು ಇನ್ನೇನು ಕೇಳಿಯಾನು? ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ರಸ್ತೆ ಕೆಲಸದ ಕಚೇರಿಯೊಂದರಲ್ಲಿ ಕಿರಿಯ ಇಂಜಿನಿಯರು. ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವಾಗ ಒಂದು ತಿರುವು ಇತ್ತು. ಚಳಿಗಾಲ ಬಂತೆಂದರೆ ಅಲ್ಲಿ ಬೈಕಿನವರು ಬೀಳುತ್ತಿದ್ದರು. ಅಳೆದು ನೋಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಜಾರುತ್ತದೆಂದು ಸಾಬೀತಾದರೆ ರಸ್ತೆಯ ಮೈ ಒರಟು ಮಾಡಿಸಿ ಎಚ್ಚರಿಕೆಯ ಬೋರ್ಡು ನೆಡಬೇಕು. ಇಲ್ಲವಾದರೆ ಕಡತ ಮುಚ್ಚಬೇಕು.

ಒಂದು ಯಂತ್ರ ಕೇಳಿದ್ದೆವು, ಮೂರು ಬಂದವು. ಸರ್ಕಾರಿ ಕೆಲಸದಲ್ಲಿ ಹೀಗೆ ಕೇಳಿದ್ದಕ್ಕಿಂತ ಹೆಚ್ಚು ಸಿಗುವುದು ಅಪರೂಪ. ಮೊದಲನೆಯದು ಲೋಲಕ. ಗಡಿಯಾರದ್ದರ ಹಾಗೆ ತೂಗುತ್ತಾ, ಕಾಲಿಗೆ ಕಟ್ಟಿದ ರಬ್ಬರನ್ನು ಒದ್ದೆ ರಸ್ತೆಗೆ ಉಜ್ಜಿ ಅಂಕ ಕೊಡುವಂಥದ್ದು. ಎರಡನೆಯದು ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರ. ಮೂರನೆಯದು ನಮ್ಮ ದೊಡ್ಡ ಸಾಹೇಬರ ಜೀಪು. ಗಕ್ಕನೆ ಬ್ರೇಕು ಹಾಕಿ, ಎಷ್ಟು ದೂರ ಜಾರಿತೆಂದು ಟೇಪಿನಲ್ಲಿ ಅಳೆಯುವುದು. ಸಾಹೇಬರ ನಂಬಿಕೆಯೆಲ್ಲ ಜೀಪಿನ ಮೇಲೇ.

ಅಳತೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ತಿರುವಿನ ತುಂಬ ಹುರುಳಿ. ನಮ್ಮ ಕಡೆ ಗೊತ್ತಲ್ಲ, ಕಿತ್ತ ಹುರುಳಿಯನ್ನು ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಬಡಿದುಕೊಡುತ್ತವೆ. ಕಣ ಮಾಡುವ ಕೆಲಸವಿಲ್ಲ, ಎತ್ತಿಗೆ ಮೇವು ಹಾಕುವ ಖರ್ಚಿಲ್ಲ. ಸಾಹೇಬರು ಬರುವ ಹೊತ್ತಾಗಿತ್ತು. ರಸ್ತೆ ಗ್ಯಾಂಗಿನ ಮಾದಯ್ಯನನ್ನು ಕರೆದು ಎಲ್ಲ ಗುಡಿಸಿ ತೊಳೆಸು ಎಂದೆ. ಅವನು ಮೂಗೂರಿನವನು, ಮಾತು ಕಡಿಮೆ. ಆವತ್ತು ಮಾತ್ರ ಪೊರಕೆ ಹಿಡಿದುಕೊಂಡು ನಿಂತ.

"ಸಾ, ಉಳ್ಳಿ ಇದ್ರೇ ತಾನೆ ಜಾರಾದು? ಗುಡಿಸ್ಬುಟ್ಟು ಏನ ಅಳ್ದೀರಿ?"

"ಯಂತ್ರ ಇಡೋ ಜಾಗ ಕ್ಲೀನಾಗಿರಬೇಕು ಕಣಯ್ಯ. ಹೇಳಿದಷ್ಟು ಮಾಡು."

ಮಾಡಿದ. ಮದುವೆ ಮನೆಯ ಅಂಗಳದಂತೆ ತಿರುವು ಫಳಫಳ ಹೊಳೆಯಿತು. ಮೂರು ಯಂತ್ರಗಳೂ ಮೂರು ಮಾತಾಡಿದವು. ಲೋಲಕ ಪರವಾಗಿಲ್ಲ ಎಂದಿತು, ಚಕ್ರ ಸಾಲದು ಎಂದಿತು, ಜೀಪು ಬಲು ಚೆನ್ನಾಗಿದೆ ಎಂದಿತು. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದದು. ಇವುಗಳನ್ನು ಹೊಂದಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೇರೆ ಬೇರೆ ರಸ್ತೆಗಳಲ್ಲಿ ಮೂರನ್ನೂ ಓಡಿಸಿ, ಗ್ರಾಫು ಎಳೆದು, ಒಂದರ ಅಂಕವನ್ನು ಇನ್ನೊಂದರ ಭಾಷೆಗೆ ತಿರುಗಿಸುವ ಪಟ್ಟಿ ಮಾಡಿದೆ. ಮುನಿಸಿಕೊಂಡ ಮೂವರು ನೆಂಟರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದಷ್ಟು ಹೆಮ್ಮೆ ನನಗೆ. ಸಾಹೇಬರು ಬೆನ್ನು ತಟ್ಟಿದರು. ರಸ್ತೆ ತೃಪ್ತಿಕರ ಎಂದು ಬರೆದೆ. ಕಡತ ಮುಚ್ಚಿತು, ಬೋರ್ಡು ಬರಲಿಲ್ಲ.

ಮಾರನೆಯ ವರ್ಷ ಹುರುಳಿಯ ಕಾಲಕ್ಕೆ ಆ ತಿರುವಿನಲ್ಲಿ ಮೊಪೆಡ್ಡಿನಿಂದ ಬಿದ್ದವಳು ಮಾದಯ್ಯನ ಮಗಳು ರತ್ನ. ನರಸೀಪುರದಲ್ಲಿ ರವಿಕೆ ಹೊಲಿಯುತ್ತಿದ್ದ ಹುಡುಗಿ. ಬಲಗೈ ಮಣಿಕಟ್ಟು ಮುರಿಯಿತು, ಕೂಡಿದ್ದೂ ಸೊಟ್ಟಗೆ.

ಮಾದಯ್ಯ ರಜೆಯ ಅರ್ಜಿ ಹಿಡಿದು ಬಂದ. ಬೈಯುತ್ತಾನೆಂದು ಕಾದೆ. "ನಿಮ್ ಮಿಸನ್ಗೋಳ್ದು ತಪ್ಪಿಲ್ಲ ಬುಡಿ ಸಾ" ಎಂದ. "ಅವು ಬಂದಾಗ ಅಲ್ಲಿ ಉಳ್ಳೀನೇ ಇರ್ನಿಲ್ವಲ್ಲ. ಗುಡ್ಸಿದ್ದೋನು ನಾನೇ ಅಲ್ವಾ."

ಗುಡಿಸು ಎಂದವನು ನಾನು ಅನ್ನಬೇಕಿತ್ತು. ಎದುರಿಗೆ ಗುಮಾಸ್ತರು ಕೂತಿದ್ದರು, ನನ್ನ ಬಡ್ತಿಯ ಕಾಗದ ಸಾಹೇಬರ ಮೇಜಿನ ಮೇಲಿತ್ತು. ರುಜು ಹಾಕಿ ಅರ್ಜಿ ತೆಗೆದುಕೊಂಡೆ. ನಾಚಿಕೆಯಾಯಿತು, ಆದರೆ ನಾಚಿಕೆಗೆ ಬಾಯಿ ಇರಲಿಲ್ಲ. ಬಡ್ತಿಯೂ ಬಂತು. ಮಾದಯ್ಯ ತೀರಿಕೊಂಡಾಗ ನಾನು ಬೇರೆ ಊರಲ್ಲಿದ್ದೆ, ಹೋಗಲಿಲ್ಲ.

ಟೈಲ್ಸ್ ಅಂಗಡಿಯಿಂದ ಬಂದ ಮಾರನೆಯ ದಿನ, ಹೆಂಡತಿಗೆ ಏನೋ ನೆಪ ಹೇಳಿ ನರಸೀಪುರದ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ ರತ್ನ ಸಿಕ್ಕಳು. ಬಸ್‌ಸ್ಟ್ಯಾಂಡಿನ ಹಿಂದೆ ಪುಟ್ಟ ಅಂಗಡಿ. ಕತ್ತರಿ ಎಡಗೈಯಲ್ಲಿತ್ತು. ಯಾರೆಂದು ಹೇಳಿದೆ. ಕುರ್ಚಿ ಕೊಟ್ಟಳು, ಟೀಗೆ ಹೇಳಿ ಕಳಿಸಿದಳು. ನಾನು ಪೀಠಿಕೆ ಹಾಕುತ್ತಾ ಲೋಲಕ, ಚಕ್ರ, ಜೀಪು ಎಂದೆಲ್ಲ ಸುತ್ತಿ ಬಳಸಿ ಬಂದೆ. ಅವಳು ತಾಳ್ಮೆಯಿಂದ ಕೇಳಿದಳು. ಕೊನೆಗೆ, "ಆ ಹುರುಳಿ ಗುಡಿಸು ಅಂದಿದ್ದು ನಾನು ಕಣಮ್ಮ. ನಿಮ್ಮಪ್ಪ ಬೇಡ ಅಂದಿದ್ದ" ಎಂದೆ.

ರತ್ನ ಕತ್ತರಿ ಕೆಳಗಿಟ್ಟಳು.

"ಅಪ್ಪ ಸಾಯಗಂಟ ತನ್ದೇ ತಪ್ಪು ಅಂತಿತ್ತು ಸಾ. ಅವ್ವನೂ ಅದ್ನೇ ನಂಬ್ಕೊಂಡು ಅಪ್ಪನ್ನ ಬೈತಿದ್ಲು." ಎದ್ದು ಒಳಬಾಗಿಲ ಪರದೆ ಸರಿಸಿದಳು. "ಅವ್ವಾ, ಬಾ ಇಲ್ಲಿ." ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಯೋಳಿ ಸಾ. ಮಿಸನ್ ಇಚಾರ ಬ್ಯಾಡ, ಕೊನೇಲಿ ಅಂದ್ರಲ್ಲ, ಅದ್ನ."

ಗೋಡೆ ಹಿಡಿದುಕೊಂಡು ಮುದುಕಿ ಬಂದು ನಿಂತಳು. ನಾನು ಕುರ್ಚಿಯಿಂದ ಎದ್ದು, ಹೇಳಿದೆ.